ವಾರ ತಪ್ಪದ ಹೆಂಡತಿ

ವ್ಯಸನಿಗಳು, ಕೈದಿಗಳು, ಅವರ ಮನೆಯವರು: ಈ ಮೂರು ವರ್ಗದ ಬಗ್ಗೆ ಇಪ್ಪತ್ತೆರಡು ವರ್ಷ ಪಾಠ ಹೇಳಿದ ಪ್ರೊಫೆಸರಮ್ಮನಿಗೆ ಈಚೆಗೆ ನಾಲ್ಕನೆಯ ವರ್ಗವೊಂದೇ ಇಷ್ಟ, ರಜೆಯಲ್ಲಿರುವವರು. ಆದರೂ ಅವಧಿಗೆ ಮುನ್ನ ಯಾರನ್ನು ಬಿಡಬಹುದೆಂದು ಜೈಲಿನ ಸಮಿತಿಗೆ ಬರೆದುಕೊಡುವ ಕೆಲಸ ಅವರ ಕೊರಳಿಗೇ ಬಿದ್ದಿತ್ತು.

ಅಂದು ಮೇಜಿನ ಮೇಲಿದ್ದದ್ದು, ಕುಡಿದು ಯಾರದೋ ತಲೆ ಒಡೆದು ಒಳಗೆ ಹೋಗಿದ್ದ ಲಾರಿ ಡ್ರೈವರನ ವರದಿ. ‘ಹೆಂಡತಿ ಒಂದು ವಾರವೂ ತಪ್ಪದೆ ಬಂದು ನೋಡಿದ್ದಾಳೆ. ಕುಟುಂಬದ ಆಸರೆ ಗಟ್ಟಿಯಾಗಿದೆ. ಬಿಡಬಹುದು.’ ಆಕಳಿಸಿ ಸಹಿ ಹಾಕುವಷ್ಟರಲ್ಲಿ ಆ ಹೆಂಡತಿಯೇ ಬಾಗಿಲಲ್ಲಿ ನಿಂತಿದ್ದಳು. ಬಟ್ಟೆ ಹೊಲಿಯುವವಳು, ತೋಳಿಗೆ ದಾರದ ಎಳೆಗಳು ಅಂಟಿಕೊಂಡಿದ್ದವು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

“ಅವರ ಬಗ್ಗೆ ಚೆನ್ನಾಗಿ ಬರೀತಿದೀರಂತೆ ಮೇಡಂ?”

“ಹೌದಮ್ಮ. ಎಲ್ಲ ನಿನ್ನಿಂದಲೇ.”

“ಅಯ್ಯೋ, ನಾನೇನ್ ಮಾಡ್ದೆ?”

“ವಾರವಾರ ಹೋಗಿ ನೋಡ್ಕೊಂಡು ಬಂದೆಯಲ್ಲ. ಅಷ್ಟು ಪ್ರೀತಿ ಇರೋರು ಕಮ್ಮಿ.”

ತೀರಾ ಓದಿಕೊಂಡವರನ್ನು ನೋಡುವ ಕನಿಕರದಿಂದ ಅವಳು ನೋಡಿದಳು. “ಒಳಗೇ ಇದಾರಾ ಅಂತ ನೋಡೋಕೆ ಹೋಗ್ತಿದ್ದೆ ಮೇಡಂ. ನೋಡಿದ್ರೆ ಆ ವಾರ ನಿದ್ದೆ ಬರೋದು.”

ಪ್ರೊಫೆಸರಮ್ಮ ಪೆನ್ನು ಕೆಳಗಿಟ್ಟರು. ಭೇಟಿ ಹೆಚ್ಚಿದಷ್ಟೂ ಬಾಂಧವ್ಯ ಹೆಚ್ಚು ಎಂಬ ಅಳತೆಗೋಲು ಅವರದೇ. ಅದರ ಮೇಲೆ ಎರಡು ಪುಸ್ತಕ, ಒಂದು ಬಡ್ತಿ. ‘ಯಾಕೆ ಬರ್ತೀಯಮ್ಮ’ ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

“ಮಗಳದ್ದು ಕೊನೇ ವರ್ಷದ ಪರೀಕ್ಷೆ. ಆರು ತಿಂಗಳು ತಡೀರಿ, ಸಾಕು. ಈಗ ಬಂದ್ರೆ ಮನೇಲಿ ಅವಳ ಪುಸ್ತಕವೂ ಉಳಿಯಲ್ಲ, ನಾನೂ ಉಳಿಯಲ್ಲ.”

“ಇದನ್ನೇ ಬರೀಲಾ?”

“ನಮ್ಮ ಯಜಮಾನ್ರೂ ಓದ್ತಾರಾ?”

“ಒಂದು ಪ್ರತಿ ಅವರಿಗೂ ಹೋಗುತ್ತೆ.”

“ಹಾಗಾದ್ರೆ ಬೇಡ. ಬಿಡ್ಲಿ ಬಿಡಿ.” ಅವಳು ಎದ್ದೇಬಿಟ್ಟಳು.

“ಕೂತ್ಕೋ ತಾಯಿ.”

ಪ್ರೊಫೆಸರಮ್ಮ ಬರೆದದ್ದನ್ನು ಹೊಡೆದುಹಾಕಿದರು. ಮನೆಯವರ ಸುದ್ದಿಗೇ ಹೋಗದೆ ಹೊಸದಾಗಿ ಬರೆದು ಓದಿ ಹೇಳಿದರು: ‘ನನ್ನ ಹಿಂದಿನ ಅಂದಾಜು ಅವಸರದ್ದು. ಒಳಗೆ ಕುಡಿಯದಿರುವುದು ಬೇರೆ, ಹೊರಗೆ ಕುಡಿಯದಿರುವುದು ಬೇರೆ. ಎರಡನೆಯದಕ್ಕೆ ಈತ ಸಿದ್ಧ ಎನ್ನಲು ನನ್ನಲ್ಲಿ ಆಧಾರವಿಲ್ಲ. ಆರು ತಿಂಗಳ ನಂತರ ಮತ್ತೆ ಪರಿಶೀಲಿಸಬಹುದು.’

ಅವಳು ಮೆಲ್ಲಗೆ ಕೂತಳು. “ನಿಮ್ಮನ್ನ ಬೈತಾರೆ ಮೇಡಂ.”

“ಬೈಲಿ ಬಿಡು. ವಿದ್ಯಾರ್ಥಿಗಳಿಂದ ಅಭ್ಯಾಸವಾಗಿದೆ.”

“ಇವರು ಅಜ್ಜಿಯಿಂದ ಶುರು ಮಾಡ್ತಾರೆ.”

“ನಮ್ಮಜ್ಜಿ ತಿರುಗಿ ಬೈಯೋ ಪೈಕಿ,” ಎಂದು ಪ್ರೊಫೆಸರಮ್ಮ ಸಹಿ ಹಾಕಿದರು.