ಎರಡನೇ ಪಂಪಿನ ವಿಶ್ರಾಂತಿ

“ಏ ಯಮನ್ಯಾ, ದೂರ ಸರದ ನಿಂದ್ರಲೇ ಭಾಡ್ಯಾ! ಗಾಳಿ ಇತ್ಲಾಗ ಬೀಸಾಕತ್ತೈತಿ, ಮೇಡಮ್ಮಾರಿಗೆ ನಾತ ಹೊಡೀತೈತಿ.”

ಗುತ್ತಿಗೆದಾರ ಪ್ರಭುಲಿಂಗ ಹೀಗೆಂದು ಕರವಸ್ತ್ರವನ್ನು ತನ್ನ ಮೂಗಿಗೇ ಒತ್ತಿಕೊಂಡ. ಯಮನಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ. ಆಗಷ್ಟೇ ಬಾವಿಯಿಂದ ಮೇಲೆ ಬಂದಿದ್ದ. ಮೊಣಕಾಲಿನಿಂದ ಕಪ್ಪು ನೀರು ಇಳಿಯುತ್ತಿತ್ತು. ಕೈಯಲ್ಲಿ ಕುಡಗೋಲು, ಹೆಗಲ ಮೇಲೆ ಕೊಯ್ದು ತೆಗೆದ ನೂಲಿನ ಮುದ್ದೆ.

ಊರಿನ ಕೊಳಚೆಯೆಲ್ಲ ಬಂದು ಬೀಳುವ ಬಾವಿ ಅದು. ಆಳ ಇಪ್ಪತ್ತಾರು ಅಡಿ. ತಳದಲ್ಲಿರುವ ಎರಡು ಪಂಪುಗಳು ನೀರನ್ನು ಶುದ್ಧೀಕರಣದ ತೊಟ್ಟಿಗಳಿಗೆ ಎತ್ತಬೇಕು. ಎತ್ತದಿದ್ದರೆ ಇಪ್ಪತ್ತು ನಿಮಿಷದಲ್ಲಿ ಬಾವಿ ತುಂಬಿ, ಹಳ್ಳಕ್ಕೆ ಹರಿದು, ಕೃಷ್ಣೆಗೆ ಸೇರುತ್ತದೆ. ಊರು ನೇಕಾರರದು. ಮಗ್ಗದ ಎಳೆ, ಸೀರೆಯ ಅಂಚಿನ ಚೂರು ಚರಂಡಿ ಹಿಡಿದು ಬಂದು ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಪಂಪನ್ನು ಮೇಲೆತ್ತಿ ಬಿಡಿಸಲೆಂದು ಸರಪಳಿ ರಾಟೆಯೊಂದು ಬಂದಿತ್ತು. ಒಂದೂವರೆ ವರ್ಷದಿಂದ ಅದು ಪ್ರಭುಲಿಂಗನ ಲಾರಿ ಗ್ಯಾರೇಜಿನಲ್ಲಿದೆ. ಹಾಗಾಗಿ ಪಂಪು ಮೇಲೆ ಬರುವುದಿಲ್ಲ, ಯಮನಪ್ಪ ಕೆಳಗೆ ಹೋಗುತ್ತಾನೆ.

ಬಂದಿದ್ದ ಮೇಡಮ್ಮನ ಹೆಸರು ಉಜ್ವಲಾ. ಬೆಳಗಾವಿಯ ಎಂಜಿನಿಯರ್. ಘಟಕದಲ್ಲಿ ಏನಾದರೂ ಕೆಟ್ಟು ನಿಂತರೆ ಅದರ ಬದಲಿಗೆ ಯಾವುದು ಓಡಬೇಕು ಎಂಬ ಯೋಜನೆ ಬರೆಯಲು ಬಂದಿದ್ದಳು. ಕೈಯಲ್ಲೊಂದು ನಮೂನೆ. ಅದರಲ್ಲಿ ಎರಡು ಕಾಲಂ: ಎಡಕ್ಕೆ ಯಂತ್ರ, ಬಲಕ್ಕೆ ಬದಲಿ.

“ಕರೆಂಟ್ ಹೋದರೆ?”

“ಜನರೇಟರ್ ಬರಾಕತ್ತೈತ್ರಿ,” ಎಂದ ಪ್ರಭುಲಿಂಗ.

“ಜನರೇಟರ್ ಕೆಟ್ಟರೆ?”

“ಜಮಖಂಡಿಯಾಗ ಬಾಡಿಗಿಗೆ ಸಿಗ್ತೈತ್ರಿ. ಒಂದೂವರಿ ತಾಸಿನಾಗ ತರ್ತೇವಿ.”

“ಆಪರೇಟರ್ ರಜೆ ಹಾಕಿದರೆ?”

“ಮುಧೋಳದಾಂವ ಒಬ್ಬ ಅದಾನ್ರಿ. ಫೋನ್ ಮಾಡಿದ್ರ ಹಾಜರ್.”

ಆಪರೇಟರ್ ಸಂಜು ಕುರ್ಚಿಯಲ್ಲಿ ಕುಳಿತೇ ನಕ್ಕ. ಪ್ರಭುಲಿಂಗನ ಅಕ್ಕನ ಮಗ. ಹಸಿರು ಗುಂಡಿ ಒತ್ತುವುದು, ಕೆಂಪು ಗುಂಡಿ ಒತ್ತುವುದು, ಹನ್ನೆರಡು ತಾಸಿಗೊಮ್ಮೆ ಎರಡು ತಗಡಿನ ಫಲಕಗಳನ್ನು ಅದಲು ಬದಲು ಮಾಡುವುದು ಅವನ ಕೆಲಸ. ಒಂದರ ಮೇಲೆ ‘ಚಾಲನೆ’, ಇನ್ನೊಂದರ ಮೇಲೆ ‘ವಿಶ್ರಾಂತಿ’ ಎಂದು ಬರೆದಿತ್ತು. ಒಂದನೇ ಪಂಪು ದುಡಿಯುವಾಗ ಎರಡನೆಯದು ಮಲಗಬೇಕು. ಬಿಡದೆ ಓಡಿಸಿದರೆ ಪಂಪು ಸುಡುತ್ತದೆಂದು ಕಂಪನಿಯವರೇ ಬರೆದುಕೊಟ್ಟಿದ್ದರು.

ಯಮನಪ್ಪನ ಕಣ್ಣು ಯಾವಾಗಲೂ ಆ ಎರಡನೇ ಫಲಕದ ಮೇಲೆಯೇ. ಘಟಕದ ಮೂಲೆಯ ತಗಡಿನ ಶೆಡ್ಡಿನಲ್ಲಿ ಅವನ ವಾಸ. ಇಪ್ಪತ್ತೆರಡು ತಿಂಗಳಲ್ಲಿ ಒಂದು ದಿನ ರಜೆ ಇಲ್ಲ. ಹೆಂಡತಿ ತಾರವ್ವ ಮುಧೋಳದ ಆಸ್ಪತ್ರೆಯಲ್ಲಿ ಹಡೆದಾಗ ಮಗಳ ಮುಖ ನೋಡಿದ್ದು ಒಂಬತ್ತನೇ ದಿನ. ಆವತ್ತು ರಜೆ ಕೇಳಿದ್ದಕ್ಕೆ ಸಂಜು, “ನೀ ಹೋದ್ರ ಪಂಪ್ ಯಾರ ನಿಮ್ಮಪ್ಪ ಬಿಡಸ್ತಾನೇನಲೇ?” ಎಂದಿದ್ದ. ಯಮನಪ್ಪನ ಅಪ್ಪ ಹೀಗೆಯೇ ಊರ ಚರಂಡಿಗೆ, ಗಟಾರಿಗೆ ಇಳಿದು ಸತ್ತವನು. ಅದು ಸಂಜುಗೂ ಗೊತ್ತಿತ್ತು.

“ಎರಡೂ ಪಂಪು ಒಟ್ಟಿಗೇ ಸಿಕ್ಕಿಕೊಂಡರೆ?” ಉಜ್ವಲಾ ಕೇಳಿದಳು.

“ಏ, ಅದು ಆಗೂದ ಇಲ್ಬಿಡ್ರಿ.”

“ವಾರಕ್ಕ ಒಮ್ಮೆರ ಆಕ್ಕೈತ್ರಿ,” ಎಂದ ಯಮನಪ್ಪ, ದೂರದಿಂದಲೇ.

ಉಜ್ವಲಾ ಅವನತ್ತ ತಿರುಗಿದಳು. “ಆಗ ಏನು ಮಾಡ್ತೀರಿ?”

“ನಾ ಇಳೀತೇನ್ರಿ. ಉಸಿರ ಹಿಡದ ಮುಳಗಿ ನೂಲ ಕೊಯ್ಯೂದ.”

ಅವಳು ಪೆನ್ನನ್ನು ಕಾಗದದಿಂದ ಎತ್ತಿದಳು. “ಇದನ್ನ ಬರೆಯೋಕೆ ಬರೋದಿಲ್ಲ. ಮನುಷ್ಯರನ್ನ ಇಳಿಸೋದು ಕಾನೂನಿನ ಪ್ರಕಾರ ಅಪರಾಧ.” ಸ್ವಲ್ಪ ಯೋಚಿಸಿ ಬಲಗಡೆಯ ಕಾಲಂನಲ್ಲಿ ‘ಗಾಲಿ ಮೇಲಿನ ಡೀಸೆಲ್ ಪಂಪು, ಖರೀದಿಯಾಗಬೇಕಿದೆ’ ಎಂದು ಬರೆದಳು. “ಯೋಜನೆ ಮಂಜೂರಾಗಲಿ. ಆಮೇಲೆ ನೀವು ಇಳಿಯೋದೇ ಬೇಡ.”

ಆ ಮಾತನ್ನು ಯಮನಪ್ಪ ನಂಬಿದ. ಆವತ್ತು ಸಂಜೆ ಕೇರಿಯಿಂದ ಬುತ್ತಿ ತಂದ ತಾರವ್ವನಿಗೆ ಎರಡು ಸಲ ಹೇಳಿದ: “ಇನ್ನ ಇಳಿಯೂದಿಲ್ಲ.”

“ರುಕ್ಮವ್ವಗ ಹೇಳ್ಲೇನು?” ತಾರವ್ವ ನಕ್ಕಳು. “ನಳದಾಗ ನನಗ ದಿನಾ ಚುಚ್ಚತಾಳ. ‘ನಿನ್ನ ಗಂಡಗ ಸರಕಾರಿ ಬಾವಿ ಸಿಕ್ಕೈತಿ, ನಮ್ಮಾಂವಗ ಬರೇ ಗಟಾರ’ ಅಂತಾಳ.”

ರುಕ್ಮವ್ವನ ಗಂಡ ಗಿರಮಲ್ಲಪ್ಪ. ಅವನೂ ಯಮನಪ್ಪನೂ ಒಂದೇ ಕೇರಿಯವರು. ಹನ್ನೊಂದು ವರ್ಷ ಊರಿನ ಗಟಾರು ಬಳಿದ ಗಿರಮಲ್ಲಪ್ಪನಿಗೇ ಘಟಕದ ಕೆಲಸ ಸಿಗಬೇಕಿತ್ತು. ಬಾವಿಯ ಬಾಯಿ ಎರಡಡಿ ಅಗಲ. ಪ್ರಭುಲಿಂಗ ಇಬ್ಬರನ್ನೂ ನಿಲ್ಲಿಸಿ ಭುಜ ನೋಡಿ, ಸಣಕಲ ಯಮನಪ್ಪನನ್ನು ಆರಿಸಿದ್ದ. ಅಂದಿನಿಂದ ಗಿರಮಲ್ಲಪ್ಪ ಅವನ ಜತೆ ಮಾತಾಡಿಲ್ಲ, ಎದುರಾದರೆ ಉಗುಳುತ್ತಾನೆ. ಒಂದು ಹೊತ್ತು ಊಟ ಬಿಟ್ಟು ಮೈ ಇಳಿಸುತ್ತಿದ್ದಾನೆಂದು ಕೇರಿಯಲ್ಲಿ ಸುದ್ದಿ ಇತ್ತು.

ಹದಿನೈದು ದಿನಕ್ಕೆ ಜನರೇಟರ್ ಬಂತು. ಲಾರಿಯಿಂದ ಇಳಿಸುವ ಮೊದಲು ಐದು ತೆಂಗಿನಕಾಯಿ ಒಡೆದರು. ಹಳದಿ ಬಣ್ಣದ ಪೆಟ್ಟಿಗೆ, ಮೈತುಂಬ ಪ್ಲಾಸ್ಟಿಕ್ ಹಾಳೆ. ಬಿಸಿಲು ಬೀಳಬಾರದೆಂದು ಅದಕ್ಕೊಂದು ಕೋಣೆ ಕಟ್ಟಿಸಿದರು. ಉಜ್ವಲಾ ಬಂದು ನೋಡಿ ಗೋಡೆಯನ್ನು ಮತ್ತೆ ಒಡೆಸಿದಳು.

“ಎರಡು ಕಿಟಕಿ ಬೇಕು. ಹೊಗೆ ಎಳೆಯೋ ಫ್ಯಾನ್ ಒಂದು. ಒಳಗೆ ಗ್ಯಾಸ್ ನಿಂತರೆ ಅಪಾಯ.”

ಇಟ್ಟಿಗೆ ಹೊತ್ತದ್ದು ಯಮನಪ್ಪ. ಕಿಟಕಿಯ ಅಳತೆಯನ್ನು ಗೇಣು ಹಾಕಿ ನೋಡಿದ: ಬಾವಿಯ ಬಾಯಿಗಿಂತ ದೊಡ್ಡದು. ಮರುದಿನ ಎಂದಿನಂತೆ ಒಂದನೇ ಪಂಪು ಸಿಕ್ಕಿಕೊಂಡಿತು, ಇಳಿದ. ನೀರಿನ ಮೇಲೆ ಗುಳ್ಳೆ ಒಡೆಯುತ್ತಿದ್ದವು. ಕಣ್ಣು ಉರಿಯಿತು, ತಲೆ ಗಿರ್ರೆಂದಿತು. ಮೇಲೆ ಬಂದು ವಾಂತಿ ಮಾಡಿಕೊಳ್ಳುವಾಗ ಫ್ಯಾನು ತಿರುಗುವ ಸದ್ದು ಕೇಳಿಸಿತು. ಜನರೇಟರ್ ಓಡುತ್ತಿರಲಿಲ್ಲ. ಸಂಜು ಸುಮ್ಮನೆ ಫ್ಯಾನು ಹಾಕಿ, ಹೊಸ ಮಲ್ಲು ಬಟ್ಟೆಯಿಂದ ಯಂತ್ರದ ಹಳದಿ ಮೈ ಒರೆಸುತ್ತಿದ್ದ.

“ಏನ್ ನೋಡ್ತೀಯಲೇ?” ಎಂದ ಸಂಜು.

“ಹೊಸಾ ಸೊಸಿ ಆಗೇತಲ್ರೀ ನಿಮಗ.”

“ಮುಟ್ಟಬ್ಯಾಡ ಮತ್ತ. ವಾರಂಟಿ ಹೊಕ್ಕೈತಿ.”

ಯಮನಪ್ಪನ ಹೊಟ್ಟೆಯಲ್ಲಿ ಏನೋ ಉರಿಯಿತು. ಮನುಷ್ಯರ ಮೇಲೆ, ಸಂಜುವಿನ ಕುರ್ಚಿಯ ಮೇಲೆ, ಹೊಟ್ಟೆಕಿಚ್ಚು ಪಟ್ಟದ್ದು ಅವನಿಗೆ ಹೊಸದಲ್ಲ. ಈಗ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಪಡುತ್ತಿದ್ದೇನೆಂದು ಅವನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಉರಿ ಆರಲಿಲ್ಲ.

ಡೀಸೆಲ್ ಪಂಪು ಬರಲಿಲ್ಲ. ಬಂದದ್ದು ಪರೀಕ್ಷೆಯ ದಿನಾಂಕ. ಬೆಂಗಳೂರಿನಿಂದ ಇಬ್ಬರು ಅಧಿಕಾರಿಗಳು ಬರುತ್ತಾರೆ, ಅವರೆದುರು ಕರೆಂಟ್ ತೆಗೆಯಬೇಕು, ಮೂವತ್ತು ಸೆಕೆಂಡಿನೊಳಗೆ ಜನರೇಟರ್ ಓಡಿ ಪಂಪು ನೀರೆತ್ತಬೇಕು. ದಿನ ಗೊತ್ತು ಮಾಡಿದವರು ಮಗ್ಗದ ವಾರದ ರಜೆಯ ಮರುದಿನವನ್ನು ಹಿಡಿದಿದ್ದರು, ಬೆಳಗ್ಗೆ ಹತ್ತೂವರೆಗೆ. ರಜೆಯ ದಿನ ಊರೆಲ್ಲ ಮಗ್ಗ ಜಾಡಿಸಿ ನೆಲ ತೊಳೆಯುತ್ತದೆ. ಆ ನೂಲು ಮರುದಿನ ಹತ್ತರ ಹೊತ್ತಿಗೆ ಒಮ್ಮೆಲೇ ಬಾವಿಗೆ ಬರುತ್ತದೆ. ಇದು ಯಮನಪ್ಪನಿಗೊಬ್ಬನಿಗೇ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಹಿಂದಿನ ದಿನ ಉಜ್ವಲಾ ಅವನ ಶೆಡ್ಡಿನ ಮುಂದೆಯೇ ನಿಂತು, “ಎಲ್ಲ ಸರಿ ಇದೆಯಲ್ವಾ?” ಎಂದಳು. ಹೇಳಲು ಬಾಯಿ ತೆರೆದ. ಅವಳ ಬೆನ್ನ ಹಿಂದೆ ಸಂಜು ಜನರೇಟರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದ.

“ಸರಿ ಐತ್ರಿ,” ಎಂದ ಯಮನಪ್ಪ.

ಹತ್ತೂವರೆಗೆ ಸಂಜು ಕರೆಂಟ್ ತೆಗೆದ. ಹದಿನಾಲ್ಕು ಸೆಕೆಂಡಿಗೆ ಜನರೇಟರ್ ಗುಡುಗಿತು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಒಂದನೇ ಪಂಪು ನಾಲ್ಕು ನಿಮಿಷ ನೀರೆತ್ತಿ, ಗುಂಯ್‌ಗುಟ್ಟಿ, ನಿಂತಿತು. ಸಂಜು ಫಲಕ ಬದಲಿಸಿದ. ಎರಡನೆಯದು ಓಡಿದ್ದು ಒಂದೂವರೆ ನಿಮಿಷ. ಹಾರ ಹಾಕಿಕೊಂಡ ಜನರೇಟರ್ ಮಾತ್ರ ಓಡುತ್ತಲೇ ಇತ್ತು, ಎತ್ತಲು ಏನೂ ಇಲ್ಲದೆ. ಯಮನಪ್ಪ ಗೋಡೆಗೊರಗಿ ನಿಂತು ನೋಡಿದ. ಎಷ್ಟೋ ದಿನದ ಮೇಲೆ ಅವನ ಹೊಟ್ಟೆ ತಣ್ಣಗಾಗಿತ್ತು.

ಉಜ್ವಲಾ ಗಡಿಯಾರ ನೋಡಿದಳು. ಪ್ರಭುಲಿಂಗ ಅಧಿಕಾರಿಗಳನ್ನು, “ಬರ್ರೀ ಸಾಹೇಬ್ರ, ಚಾ ಆರ್ತೈತಿ, ಐದ ಮಿನಿಟ್ನಾಗ ಚಾಲೂ ಆಕ್ಕೈತಿ,” ಎಂದು ಶಾಮಿಯಾನದತ್ತ ಕರೆದೊಯ್ದು ಕೂರಿಸಿ, ಓಡುತ್ತ ಹಿಂದಿರುಗಿದ.

“ಇಳಿಯಲೇ ಯಮನ್ಯಾ. ಲಗೂ.”

“ಮೇಡಮ್ಮಾರ ಯೋಜನಾದಾಗ ನನ್ನ ಹೆಸರ ಐತೇನ್ರಿ?”

“ಏನ್?”

“ಪಂಪ್ ನಿಂತ್ರ ಬದ್ಲಿ ಯಾರು ಅಂತ ಬರದಾರಲ್ರಿ, ಬಲಗಡಿ. ಅಲ್ಲಿ ಯಮನಪ್ಪ ಮಾದರ ಅಂತ ಬರೀರಿ. ಇಳೀತೇನಿ.”

ಪ್ರಭುಲಿಂಗ ಅವನ ಅಂಗಿಯ ಕೊರಳು ಹಿಡಿದ. “ಬೋಳಿಮಗನ, ನಮ್ಮ ಮಾನಾ ಕಳೀತೀ? ನಿನಗ ಅನ್ನ ಹಾಕಿದ ಬಾವಿಲೇ ಇದು!”

ಯಮನಪ್ಪ ಉಜ್ವಲಾಳನ್ನೇ ನೋಡುತ್ತಿದ್ದ. “ಜನರೇಟರ್ ಹೆಸರ ಬರದೀರಿ. ಜಮಖಂಡಿಯಾಗಿರೂ ಬಾಡಿಗಿ ಜನರೇಟರಿಂದೂ ಬರದೀರಿ. ನಂದೊಂದ ಬರೀರಿ ಅಕ್ಕಾರ.”

“ಬರೆದರೆ ನಾವೆಲ್ಲ ಜೈಲಿಗೆ ಹೋಗ್ತೀವಿ,” ಎಂದಳು ಉಜ್ವಲಾ ಮೆಲ್ಲಗೆ.

“ಬರೀಲಿಲ್ಲಂದ್ರ ನಾ ಬಾವಿ ಒಳಗ ಹೋಗ್ತೇನ್ರಿ, ದಿನಾ.”

ಅವಳು ನಮೂನೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ಬರೆಯಲೂ ಇಲ್ಲ, ಇಳಿಯಬೇಡ ಎನ್ನಲೂ ಇಲ್ಲ.

ಪ್ರಭುಲಿಂಗ ಕೊರಳು ಬಿಟ್ಟು ಫೋನ್ ತೆಗೆದ. “ನಿನ್ನ ಬದ್ಲಿ ಇಲ್ಲಂತ ತಿಳ್ಕೊಂಡೀಯೇನಲೇ, ಹಲ್ಕಟ್?”

ಗಿರಮಲ್ಲಪ್ಪ ಬರಲು ಮೂರು ನಿಮಿಷ ಸಾಕಾಯಿತು. ಗೇಟಿನ ಹೊರಗೆ, ತೇರದಾಳದ ರಸ್ತೆಯ ಜಾಲಿಯ ನೆರಳಲ್ಲಿ, ಬೆಳಗಿನಿಂದ ಕುಳಿತಿದ್ದನಂತೆ. ಸೈಕಲ್ಲನ್ನು ಗೋಡೆಗೆ ಆನಿಸಿದ, ಅಂಗಿ ಬಿಚ್ಚಿ ಮಡಚಿಟ್ಟ. ಎಲುಬು ಕಾಣುತ್ತಿದ್ದವು. ಕೇರಿಯ ಸುದ್ದಿ ಖರೆ ಇತ್ತು: ಭುಜ ಈಗ ಎರಡಡಿಯ ಬಾಯಲ್ಲಿ ಹಿಡಿಸುತ್ತಿತ್ತು.

“ದೂರ ಸರಿ,” ಎಂದ ಯಮನಪ್ಪನಿಗೆ. ಎರಡು ವರ್ಷದಲ್ಲಿ ಆಡಿದ ಮೊದಲ ಮಾತು.

“ಗಿರಮಲ್ಯಾ, ನೂಲ ಭಾಳ ಐತಿ ಇವತ್ತ. ಇಳದಾಂವ ಮ್ಯಾಲ ಬರಾಂಗಿಲ್ಲ.”

“ನೀ ದಿನಾ ಬರ್ತಿದ್ದೆಲ್ಲ.”

“ಇವತ್ತ ನಾನೂ ಬರ್ತಿದ್ದಿಲ್ಲ.”

“ಹೊಟ್ಟಿಕಿಚ್ಚ ನಿನಗ. ನನ್ನ ಪಾಳಿ ಬಂತಂತ ಹೊಟ್ಟಿಕಿಚ್ಚ.” ಗಿರಮಲ್ಲಪ್ಪ ಧೋತರವನ್ನು ಮೇಲೆ ಸಿಕ್ಕಿಸಿದ. “ದೂರ ಸರಿ ಅಂದ್ನೆಲ್ಲ.”

ಬಾವಿಯ ಗೋಡೆಗೆ ಕೂರಿಸಿದ್ದ ಕಬ್ಬಿಣದ ಮೆಟ್ಟಿಲುಗಳನ್ನು ವಿಷಗಾಳಿ ಎಂದೋ ತಿಂದು ಹಾಕಿತ್ತು. ಇಳಿಯಲು ಇದ್ದದ್ದು ಅಲ್ಯುಮಿನಿಯಂ ಏಣಿಯೊಂದೇ. ಎರಡು ಕೊಕ್ಕೆಗಳಿಂದ ಬಾವಿಯ ಅಂಚಿಗೆ ತೂಗುಬಿಟ್ಟಿತ್ತು. ಗಿರಮಲ್ಲಪ್ಪ ಅದರ ಮೇಲೆ ಬಲಗಾಲಿಟ್ಟ. ತನ್ನ ಬಾವಿಗೆ ಇನ್ನೊಬ್ಬ ಇಳಿಯುತ್ತಿದ್ದಾನೆ. ಯಮನಪ್ಪನಿಗೆ ಆ ಗಳಿಗೆ ಕಂಡದ್ದು ಅಷ್ಟೇ. ಗಿರಮಲ್ಲಪ್ಪನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಅವನು ಮಣ್ಣಿನ ಮೇಲೆ ಅಂಗಾತ ಬಿದ್ದ. ಯಮನಪ್ಪ ಬಗ್ಗಿ ಎರಡೂ ಕೊಕ್ಕೆ ಎತ್ತಿ ಕೈ ಬಿಟ್ಟ.

ಏಣಿ ಗೋಡೆಗೆ ಎರಡು ಸಲ ಬಡಿದು ಮುಳುಗಿತು.

“ಏಣಿ ಒಗದಾ! ಸೂಳೆಮಗ ಏಣಿ ಒಗದಾ!” ಸಂಜು ಕೂಗಿದ. ಪ್ರಭುಲಿಂಗ ಇನ್ನೊಂದು ಏಣಿ ತರಲು ಅವನನ್ನು ಊರಿಗೆ ಅಟ್ಟಿದ. ಹೋಗಿ ಬರಲು ಅರ್ಧ ತಾಸು. ಬಾವಿಗೆ ಉಳಿದಿದ್ದು ಹನ್ನೊಂದು ನಿಮಿಷ.

ಗಿರಮಲ್ಲಪ್ಪ ಎದ್ದು ಬಂದು ಯಮನಪ್ಪನ ಬಾಯಿಗೆ ಹೊಡೆದ. ಯಮನಪ್ಪ ತಿರುಗಿ ಹೊಡೆಯಲಿಲ್ಲ. ಮತ್ತೊಮ್ಮೆ ಹೊಡೆದ. “ನೀನೂ ತಿನ್ನಂಗಿಲ್ಲ, ಮಂದಿಗೂ ತಿನ್ನಾಕ ಬಿಡಂಗಿಲ್ಲ. ಮನಿಗೆ ಹೋಗಿ ಅಕಿಗೆ ಏನ್ ಹೇಳ್ಲಿ ನಾನು?”

ಅಂಚಿನವರೆಗೆ ಬಂದ ನೀರು ಒಂದು ಗಳಿಗೆ ಉಬ್ಬಿ ನಿಂತು, ಮೊದಲು ಗೋಡೆಯ ಬದಿಯಿಂದ, ಆಮೇಲೆ ನಾಲ್ಕೂ ಕಡೆಯಿಂದ ಹೊರಬಿತ್ತು. ಕೆಂಪು, ನೀಲಿ, ಗಿಳಿಹಸಿರು ಎಳೆಗಳನ್ನು ಎಳೆದುಕೊಂಡು ಸಿಮೆಂಟಿನ ಅಂಗಳ ದಾಟಿ ಶಾಮಿಯಾನದತ್ತ ಹರಿಯಿತು. ಅಧಿಕಾರಿಗಳು ಚಹಾದ ಕಪ್-ಬಸಿಯ ಸಮೇತ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ಉಜ್ವಲಾ ಒದ್ದೆ ಚಪ್ಪಲಿಯಲ್ಲೇ ನಿಂತು ನಮೂನೆಯಲ್ಲಿ ಸಮಯ ಬರೆದಳು. ಪ್ರಭುಲಿಂಗ ಯಾರನ್ನೋ ಫೋನಿನಲ್ಲಿ ಬೈಯುತ್ತಿದ್ದ.

ಕೇರಿಯವರಿಬ್ಬರೂ ಪಾದ ಮುಳುಗುವ ನೀರಿನಲ್ಲಿ ಅಲ್ಲಾಡದೆ ನಿಂತಿದ್ದರು. ಯಮನಪ್ಪ ರಕ್ತ ಉಗುಳಿದ.

“ಏಣಿ ತರ್ತಾರ,” ಎಂದ ಗಿರಮಲ್ಲಪ್ಪ. “ಅರ್ಧಾ ತಾಸಿನಾಗ ತರ್ತಾರ. ನಾ ಇಳಿಯಾಂವನ.”

“ಅದನ್ನೂ ಒಗೀತೇನಿ.”

ಗಿರಮಲ್ಲಪ್ಪ ಅಂಗಿ ತೊಡಲಿಲ್ಲ.