ಲಿಯೋಟಿಸ್ ಹಾಕಿಕೊಳ್ಳದ ಉಡುಪು

ನನ್ನನ್ನು ಅವರು ಕರೆಯಲೇಬಾರದಿತ್ತು. ಎಂಬತ್ತು ದಾಟಿದ ಮುದುಕಿ, ಚಹಾ ಕುಡಿದು, ನಾಲ್ಕು ಚಪ್ಪಾಳೆ ತಟ್ಟಿ, ತೆಪ್ಪಗೆ ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದರೇನೋ. ಅಮೆರಿಕದ ಕರಿಯರ ಬ್ಲೂಸ್ ಸಂಗೀತ ಮ್ಯಾಂಚೆಸ್ಟರಿನಲ್ಲಿ ಹೇಗೆ ಬೇರು ಬಿಟ್ಟಿತು ಎಂದು ತೋರಿಸುವ ಪ್ರದರ್ಶನವಂತೆ. ಬಾಗಿಲು ದಾಟಿದ ಕೂಡಲೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ನೀಲಿ ಡಂಗರೀಸ್. ಹೊಲದ ಕೂಲಿಯವರು ಹಾಕುವಂಥ, ಎದೆಗೂ ಬಟ್ಟೆಯಿರುವ, ಭುಜದ ಮೇಲೆ ಪಟ್ಟಿಯಿರುವ ಉಡುಪು. ಮೊಣಕಾಲಿಗೊಂದು ತೇಪೆ. ಕೆಳಗಿನ ಫಲಕದಲ್ಲಿ, 1958ರಲ್ಲಿ ಲಿಯೋಟಿಸ್ ಗ್ಯಾರರ್ಡ್ ಈ ಊರಿನ ವೇದಿಕೆಯ ಮೇಲೆ ಧರಿಸಿದ್ದು ಇದೇ ಉಡುಪು ಎಂದು ಬರೆದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಂಜೆ ಅವನ ಪಕ್ಕದಲ್ಲಿ ಪಿಯಾನೋ ನುಡಿಸಿದವಳು ನಾನು. ಆ ಡಂಗರೀಸಿಗೆ ಅವನು ಒಂದು ಕಾಲನ್ನೂ ತೂರಿಸಿರಲಿಲ್ಲ.

ಅವನನ್ನು ಷಿಕಾಗೋದಿಂದ ಕರೆಸಿದವರು ಆಬ್ರಿ ಫೆನ್ವಿಕ್. ನಮ್ಮ ಬ್ಲೂಸ್ ಸಂಘದ ಅಧ್ಯಕ್ಷರು. ಮನೆ ತುಂಬ ರೆಕಾರ್ಡು, ತಲೆ ತುಂಬ ಹತ್ತಿಯ ಹೊಲ. ಬ್ಲೂಸ್ ಎಂದರೆ ಹರಿದ ಬಟ್ಟೆಯ ಕರಿಯ ಮನುಷ್ಯ ಮರದ ಗಿಟಾರು ಹಿಡಿದು ಅಳುವುದು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಲಿಯೋಟಿಸ್ ಬರುವ ಮೊದಲೇ ಡಂಗರೀಸ್ ತೊಟ್ಟ ಅವನ ಚಿತ್ರ ಬರೆಸಿ ಊರೆಲ್ಲ ಪೋಸ್ಟರ್ ಅಂಟಿಸಿದ್ದರು. ವೇದಿಕೆಯ ಮೇಲೆ ಹುಲ್ಲಿನ ಪೆಂಡಿ ಜೋಡಿಸಿದ್ದರು. ಡಂಗರೀಸನ್ನೂ ಅವರೇ ಕೊಂಡಿದ್ದು, ಕಾರ್ಖಾನೆ ಕೆಲಸಗಾರರ ಅಂಗಡಿಯಿಂದ, ಹೊಚ್ಚ ಹೊಸದು. ಅದು ಹಳೆಯದಾಗಿ ಕಾಣಲಿ ಎಂದು ಅವರ ಹೆಂಡತಿ ಇಟ್ಟಿಗೆಯಿಂದ ಉಜ್ಜಿ, ಹರಿಯದ ಮೊಣಕಾಲಿಗೆ ತೇಪೆ ಹಾಕಿದ್ದರು. ನಗಬೇಡಿ, ನಮ್ಮೂರಿನ ಓದಿದ ಜನ ಭಕ್ತಿಯಿಂದಲೇ ಇದನ್ನೆಲ್ಲ ಮಾಡಿದ್ದು.

ಲಿಯೋಟಿಸ್ ಬಂದದ್ದು ಬೂದು ಬಣ್ಣದ ರೇಷ್ಮೆ ಸೂಟಿನಲ್ಲಿ. ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬೂಟು. ಕೈಯಲ್ಲಿ ಕೆಂಪು ಎಲೆಕ್ಟ್ರಿಕ್ ಗಿಟಾರು, ಹಿಂದೆ ಇಬ್ಬರು ಹೊತ್ತು ತಂದ ಆಂಪ್ಲಿಫೈಯರು. ಫೆನ್ವಿಕ್ಕರ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ವೇದಿಕೆಯ ಹಿಂದಿನ ಕೋಣೆಯಲ್ಲಿ ಡಂಗರೀಸನ್ನು ಎರಡೂ ಕೈಯಲ್ಲಿ ಹಿಡಿದು, ಏನೋ ಸನ್ಮಾನದ ಶಾಲಿನಂತೆ ಅವನ ಮುಂದೆ ಚಾಚಿದರು. ಜನ ನಿಜವಾದ ಬ್ಲೂಸ್ ಕೇಳಲು ಬಂದಿದ್ದಾರೆ, ವಿದ್ಯುತ್ತಿನ ಗದ್ದಲ ಅವರಿಗೆ ಹಿಡಿಸುವುದಿಲ್ಲ, ದಯವಿಟ್ಟು ಇದನ್ನು ಹಾಕಿಕೊಳ್ಳಿ ಎಂದರು.

ಲಿಯೋಟಿಸ್ ಅದನ್ನು ಮುಟ್ಟಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ನಮ್ಮಪ್ಪ ಸತ್ತಿದ್ದು ಇಂಥದ್ದೇ ಹಾಕ್ಕೊಂಡು, ಸಾರ್, ಹೊಲದಲ್ಲಿ. ಅದರಲ್ಲೇ ಹೂಳೋಕೆ ನಮ್ಮಮ್ಮ ಒಪ್ಪಲಿಲ್ಲ. ಪಕ್ಕದ ಮನೆಯವರ ಕೋಟು ಬೇಡಿ ತಂದು, ಅದನ್ನ ಹಾಕಿ ಮಣ್ಣು ಮಾಡಿದ್ವಿ. ಷಿಕಾಗೋಗೆ ಹೋದ್ಮೇಲೆ ನಾನು ಮೊದಲು ಹೊಲಿಸಿದ್ದೇ ಸೂಟು."

"ಆದ್ರೆ ಜನ—" ಎಂದರು ಫೆನ್ವಿಕ್.

"ಇದು ಯಾರಿಗೆ ಅಷ್ಟೊಂದು ಚೆಂದ ಕಾಣುತ್ತೋ ಅವರಿಗೇ ಕೊಟ್ಬಿಡಿ. ಅವರೇ ಹಾಕ್ಕೊಳ್ಳಲಿ." ಆಮೇಲೆ ನನ್ನ ಕಡೆ ತಿರುಗಿದ. "ಮಿಸ್ ಎಡ್ನಾ, ಹೋಗೋಣ್ವಾ?"

ಅವನು ಹುಲ್ಲಿನ ಪೆಂಡಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಆ ಸೂಟಿನಲ್ಲೇ ನಿಂತು ನುಡಿಸಿದ. ಮೊದಲ ಹೊಡೆತಕ್ಕೇ ನನ್ನ ಪಿಯಾನೋದ ಮೇಲಿದ್ದ ಲೋಟ ನಡುಗಿತು. ನಮ್ಮ ಜನ ಏನು ಮಾಡಿದರು ಗೊತ್ತೇ? ನಿಧಾನಕ್ಕೆ, ಲೇವಡಿಯ ಚಪ್ಪಾಳೆ ತಟ್ಟಿದರು. ಎದ್ದು ಹೋದರು. ಕರಿಯ ಮನುಷ್ಯನಿಗೆ ಅವನ ಸಂಗೀತ ಯಾವುದೆಂದು ಹೇಳಿಕೊಡಲು ಹೊರಟಿದ್ದ ಅಪ್ಪಟ ಬ್ಲೂಸ್ ಭಕ್ತರು. ಮೂರನೆಯ ಸಾಲಿನಿಂದ ಮೊಡವೆ ಮುಖದವನೊಬ್ಬ ಕುರ್ಚಿ ಹತ್ತಿ ನಿಂತು, ಆ ವೈರು ಕಿತ್ತು ಬಿಸಾಕು ಎಂದು ಅರಚಿ, ಬಾಗಿಲು ದಬಾರನೆ ಹಾಕಿಕೊಂಡು ಹೋದ. ಅವನ ಹೆಸರು ಕ್ಲೈವ್ ಹೆಸ್ಕೆತ್.

ಹೌದು, ಬ್ಲೂಸ್ ನುಡಿಸಿ ಆಮೇಲೆ ದೊಡ್ಡ ಹೆಸರು ಮಾಡಿದ ಅದೇ ಕ್ಲೈವ್. ಆದರೆ ಕಿವಿಗೆ ಹೊಕ್ಕಿದ್ದನ್ನು ಬಾಗಿಲಾಚೆ ಬಿಟ್ಟು ಹೋಗಲು ಆಗುತ್ತದೆಯೇ? ಮುಂದಿನ ಚಳಿಗಾಲದೊಳಗೆ ಅವನೂ ಒಂದು ಆಂಪ್ಲಿಫೈಯರು ಕೊಂಡ. ಆ ಸಂಜೆ ಉಗಿದು ಹೋದವರೂ ಕೂತು ಕೇಳಿದವರೂ ಲಿಯೋಟಿಸನ ಆ ಹೊಡೆತವನ್ನೇ ಹಿಡಿದು ಬ್ಯಾಂಡು ಕಟ್ಟಿದರು, ಬಂಗಲೆ ಕಟ್ಟಿದರು. ಕ್ಲೈವ್ ಒಂದು ಹೆಜ್ಜೆ ಮುಂದೆ ಹೋಗಿ, ಗುರುಗಳ ನೆನಪಿಗೆಂದು ಜೀವಮಾನವಿಡೀ ಡಂಗರೀಸ್ ಹಾಕಿಕೊಂಡೇ ನುಡಿಸಿದ. ಲಿಯೋಟಿಸ್ ಮತ್ತೆ ಈ ಕಡೆ ಬರಲಿಲ್ಲ. ಯಾರೂ ಕರೆಯಲೂ ಇಲ್ಲ.

ಪ್ರದರ್ಶನದ ದಿನವೂ ಕ್ಲೈವ್ ಮೊಣಕಾಲಿಗೆ ತೇಪೆ ಹಾಕಿದ ಡಂಗರೀಸಿನಲ್ಲೇ ಬಂದಿದ್ದ. ಪೆಟ್ಟಿಗೆಯ ಪಕ್ಕ ನಿಂತು, ಆ ಸಂಜೆ ತಾನು ಲಿಯೋಟಿಸನ ಪಾದದ ಬಳಿ ಕೂತಿದ್ದೆ, ಇದೇ ತೇಪೆ ಕಣ್ಣೆದುರಿಗಿತ್ತು ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ. ಸುಳ್ಳು ಹೇಳುತ್ತಿದ್ದಾನೆ ಎಂದೂ ಅನ್ನಿಸಲಿಲ್ಲ. ಪೋಸ್ಟರಿನಲ್ಲಿ ನೋಡಿದ್ದನ್ನೇ ನೆನಪು ಎಂದು ನಂಬಿಕೊಂಡಿದ್ದ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಪ್ರದರ್ಶನ ನೋಡಿಕೊಳ್ಳುವ ಹುಡುಗಿ ರೋವೆನಾಳನ್ನು ಕರೆದು, ಆ ಫಲಕ ತೆಗೆಯಮ್ಮ, ಅದು ಸುಳ್ಳು ಎಂದೆ. ಅವಳು ಪಾಪ ಗಾಬರಿಯಾದಳು. ಫೆನ್ವಿಕ್ಕರ ಮಗಳೇ ಅಟ್ಟದಿಂದ ತಂದುಕೊಟ್ಟದ್ದು ಎಂದಳು. ಕ್ಲೈವ್ ನನ್ನ ಭುಜದ ಮೇಲೆ ಕೈಯಿಟ್ಟು, ಮಗುವನ್ನು ಸಮಾಧಾನ ಮಾಡುವವನಂತೆ ನಕ್ಕ.

"ಬಿಡು ಎಡ್ನಾ, ಎಷ್ಟು ವರ್ಷ ಆಯ್ತು. ನಿಂಗೆ ಮರ್ತುಹೋಗಿದೆ."

"ಕೈ ತೆಗಿ," ಎಂದೆ. "ರೋವೆನಾ, ಪೆಟ್ಟಿಗೆ ತೆಗಿಯಮ್ಮ. ಕಾಲಿನ ಅಂಚು ಮಡಚಿ ನೋಡು."

ಫೆನ್ವಿಕ್ಕರ ಹೆಂಡತಿಗೆ ಲಿಯೋಟಿಸ್ ಎಷ್ಟು ಎತ್ತರವೆಂದು ಗೊತ್ತಿರಲಿಲ್ಲ. ಅವನು ಹಾಕಿಕೊಂಡ ಮೇಲೆ ಅಳತೆ ನೋಡಿ ಹೊಲಿದರಾಯಿತು ಎಂದು ಕಾಲುಗಳನ್ನು ಉದ್ದಕ್ಕೇ ಬಿಟ್ಟು, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಮಡಚಿಟ್ಟಿದ್ದರು. ಎಡಗಾಲನ್ನಂತೂ ತುದಿಯಲ್ಲಿ ಅಡ್ಡಕ್ಕೆ ಹೊಲಿದು ಬಾಯಿ ಮುಚ್ಚಿಬಿಟ್ಟಿದ್ದರು. ಆ ಸಂಜೆ ಅವರು ಹೊಲಿಯುವುದನ್ನು ನಾನು ಪಿಯಾನೋ ಸ್ಟೂಲಿನ ಮೇಲೆ ಕೂತು ನೋಡಿದ್ದೆ. ಗಡಿಬಿಡಿಯಲ್ಲಿ ಎರಡು ಪದರವೂ ಸೂಜಿಗೆ ಸಿಕ್ಕಿದ್ದು ಅವರಿಗೆ ತಿಳಿದಿರಲಿಲ್ಲ.

ರೋವೆನಾ ಕೈಗವಸು ಹಾಕಿಕೊಂಡು ಅಂಚನ್ನು ತಿರುಗಿಸಿದಳು. ಬಿಳಿ ದಾರ ಹಾಗೇ ಇತ್ತು. ಎಡಗಾಲೊಳಗೆ ಮೇಲಿನಿಂದ ಕೈ ತೂರಿಸಿದಳು. ಕೈ ತುದಿಯಲ್ಲಿ ಸಿಕ್ಕಿಕೊಂಡಿತು. ಕೈ ಹೊರಗೆಳೆದು ಫಲಕವನ್ನು ಕಿತ್ತು ತೆಗೆದಳು.

ಸುತ್ತ ನಿಂತಿದ್ದವರೆಲ್ಲ ಕ್ಲೈವನನ್ನು ನೋಡಿದರು. ಅವನು ದಾರವನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಮೆಲ್ಲಗೆ ಕೇಳಿದ.

"ಹಾಗಾದ್ರೆ ಇದನ್ನ ಕೊಟ್ಟಾಗ ಅವನು ಏನಂದ?"

ನಾನು ಕ್ಲೈವನ ಎದೆಪಟ್ಟಿಯನ್ನೂ ಮೊಣಕಾಲಿನ ತೇಪೆಯನ್ನೂ ನೋಡಿದೆ.

"ಇದು ಯಾರಿಗೆ ಚೆಂದ ಕಾಣುತ್ತೋ ಅವರೇ ಹಾಕ್ಕೊಳ್ಳಲಿ ಅಂದ."