ಟೆಲ್ಲೂರಿಯಂ ಹಾಳೆ

"ಮೂರನೇ ದಿನದ ಎಣಿಕಿ ಯಾಕ ಕಡಿಮಿ ಬಿತ್ತು, ತಂಗಿ?" ಮಹಾಂತಯ್ಯ ಚಹಾದ ಕಪ್ಪು ಕೆಳಗಿಡದೆ ಕೇಳಿದರು.

ದೇವಿಕಾ ಕೈಯಲ್ಲಿದ್ದ ಫೋನನ್ನು ಅವರ ಮುಂದಿಟ್ಟಳು. ಒಳಗಿನ ಕೋಣೆಯಲ್ಲಿ ಅಪ್ಪ ಬಾಲಯ್ಯನ ಮಗ್ಗ ಬಡಿಯುತ್ತಿತ್ತು. ಅವಳ ಪಿಎಚ್‌ಡಿಯ ಗೈಡು ಮಹಾಂತಯ್ಯ ನಾರಾಯಣಪೇಟೆಯ ಈ ಮನೆಗೆ ಬಂದದ್ದು ಎರಡನೆಯ ಸಲ. ಐದು ವರ್ಷದ ಹಿಂದೆ ಇದೇ ಚಾಪೆಯ ಮೇಲೆ ಕೂತು, ಮಗಳಿಗೆ ಗಂಡು ನೋಡುತ್ತಿದ್ದ ಬಾಲಯ್ಯನಿಗೆ, "ನಾನೂ ಇಲ್ಲೇ ಬಾಜೂಕ ಮಕ್ತಲ್ದಾಂವ. ನಿಮ್ಮ ಹುಡುಗಿ ನನ್ನ ಮಗಳಿದ್ದಂಗ, ಓದಾಕ ಬಿಡ್ರಿ" ಅಂದಿದ್ದರು. ಅಪ್ಪ ನಂಬಿದ. ಅವಳಂತೂ ಕಣ್ಣು ಮುಚ್ಚಿ ನಂಬಿದಳು.

ಅಂಥ ಮನುಷ್ಯ ಮಾಡಿದ್ದೇನು? ಟೆಲ್ಲೂರಿಯಂನ ತೆಳು ಹಾಳೆಗೆ ಕಣಗಳ ಕಿರಣ ಹಾಯಿಸಿ, ಅದರ ನ್ಯೂಕ್ಲಿಯಸ್ಸಿನೊಳಗೆ ನ್ಯೂಟ್ರಾನುಗಳು ಯಾವ ಕಕ್ಷೆಯಲ್ಲಿ ಎಷ್ಟಿವೆ ಎಂದು ಎಣಿಸಿದವಳು ಅವಳು. ನಡೆಯುತ್ತದೋ ಇಲ್ಲವೋ ಎನ್ನುವಷ್ಟು ಅಪರೂಪದ ವಿಕಿರಣ ಕ್ಷಯವೊಂದನ್ನು ನೆಲದಡಿಯ ಗಣಿಗಳಲ್ಲಿ ಕಾಯುತ್ತ ಕೂತವರಿಗೆ ಈ ಎಣಿಕೆ ಬೇಕು. ನಾಲ್ಕು ವರ್ಷ ಅದರಲ್ಲೇ ಸವೆದಳು. ಇವತ್ತು ಬೆಳಿಗ್ಗೆ ಫೋನಿನಲ್ಲಿ, ವಿಜ್ಞಾನ ಪತ್ರಿಕೆಗೆ ಕಳಿಸಿ ಜಾಲದಲ್ಲೂ ಹಾಕಿದ್ದ ಆ ಕೆಲಸದ ಕರಡು ಲೇಖನ ತೆರೆದರೆ ಲೇಖಕರು ಇಬ್ಬರೇ: ಮಹಾಂತಯ್ಯ, ಗದ್ವಾಲದ ಅವರ ತಂಗಿಯ ಮಗ ವಂಶಿ. ದೇವಿಕಾ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ವಿದ್ಯುತ್ ನೋಡಿಕೊಂಡವರ ಜೊತೆಗೆ.

"ವಂಶಿಗೆ ನೌಕರಿ ಇಂಟರ್‌ವ್ಯೂ ಐತಿ. ಮುಂದಿನದ್ರಾಗ ನಿನ್ನ ಹೆಸರ ಮೊದಲ ಹಾಕತೀನಿ," ಎಂದರು ಮಹಾಂತಯ್ಯ. "ಈಗ ಪತ್ರಿಕಿಯವರು ಮೂರನೇ ದಿನದ್ದು ಕೇಳ್ಯಾರ. ವಂಶಿಗೆ ಗೊತ್ತಾಗವಲ್ದು."

"ಅಲ್ಲಿ ಇದ್ದಿದ್ರ ಗೊತ್ತಾಗತಿತ್ತರಿ."

ಒಲೆಯ ಮುಂದಿದ್ದ ಅವ್ವ ಪೆಂಟಮ್ಮನಿಗೆ ಅಷ್ಟು ಸಾಕಾಯಿತು. "ನೆಚ್ಚಿದ ಎಮ್ಮಿ ಕ್ವಾಣ ಈತು," ಎಂದು ಒಲೆಗೇ ಹೇಳಿದಳು.

ಕಿರಣದ ಕಾವಿಗೆ ಹಾಳೆ ತುಸುತುಸುವೇ ಆವಿಯಾಗಿ ಸವೆದಿತ್ತು. ಲಾಳಿಯಲ್ಲಿ ನೂಲು ತೀರುತ್ತಿರುವುದು ಅಪ್ಪನಿಗೆ ಸದ್ದಿನಲ್ಲೇ ತಿಳಿಯುವ ಹಾಗೆ ಅವಳಿಗೆ ಎಣಿಕೆ ಇಳಿಯುವ ರೀತಿಯಲ್ಲೇ ತಿಳಿದಿತ್ತು. ಎಷ್ಟು ಸವೆಯಿತೆಂದು ಲೆಕ್ಕ ಹಾಕಿಟ್ಟವಳೂ ಅವಳೊಬ್ಬಳೇ. ಬಾಯಿ ಬಿಡದಿದ್ದರೆ ಇವರು ಏನೋ ಒಂದು ತೇಪೆ ಹಚ್ಚಿ ತಪ್ಪನ್ನೇ ಅಚ್ಚು ಹಾಕಿಸುತ್ತಾರೆ. ಹಾಕಿಸಲಿ, ಮಣ್ಣುಪಾಲಾಗಲಿ ಎಂದುಕೊಂಡಳು. ಆದರೆ ಆ ಗಣಿಯೊಳಗಿನವರು ಅವಳಿಗೇನು ಮಾಡಿದ್ದರು? ಅವರೂ ನಂಬಿಯೇ ಕೆಡಬೇಕೆ?

"ಹಾಳಿ ಸವೆದಿತ್ತರಿ," ಎಂದಳು. "ನೂರಕ್ಕ ಎಂಟು. ಬರ್ಕೋರಿ."

ಮಹಾಂತಯ್ಯ ಲಗುಬಗೆಯಿಂದ ಕಾಗದ ತೆಗೆದರು. ಪೆನ್ನು ಮೂಡಲಿಲ್ಲ, ಎರಡು ಸಲ ಜಾಡಿಸಿದರು. ಮಗ್ಗದ ಸದ್ದಿನಲ್ಲಿ ಇದಾವುದೂ ಕೇಳಿಸದ ಬಾಲಯ್ಯ ಅದನ್ನು ತೆರೆದ ಬಾಗಿಲಿನಾಚೆಯಿಂದ ಕಂಡು, ಮಗ್ಗದ ಕುಳಿಯಿಂದ ಎದ್ದು ಬಂದು, ಕಿವಿಗೆ ಸಿಕ್ಕಿಸಿಕೊಂಡಿದ್ದ ತನ್ನ ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ತಗೋರಿ ಸರ. ನಮ್ಮ ಹುಡುಗಿ ಹೆಸರ ಬರಿಯಾಕತ್ತೀರೇನ್ರಿ?"

ಮಹಾಂತಯ್ಯ ಪೆನ್ನು ತಗೊಂಡರು. ತಲೆಯೆತ್ತದೆ ಎಂಟು ಎಂದು ಬರೆದರು.